ಬೈಪಾಸ್ ಆದ ಅಪ್ಪ ಲೆಕ್ಕ ತಪ್ಪುತ್ತಿದ್ದಾರೆ

ಪ್ರಶ್ನೆ: ನನ್ನ ತವರುಮನೆ ಬೆಳ್ತಂಗಡಿ ತಾಲೂಕಿನ ವೇಣೂರಿನ ಹತ್ತಿರ. ನಾನು ಮದುವೆಯಾಗಿ ಮೂಡುಬಿದಿರೆಯಲ್ಲಿದ್ದೇನೆ, ಅಣ್ಣ ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಅಂಗಡಿ ನಡೆಸುತ್ತಾನೆ. ಊರಿನ ಮನೆಯಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪನಿಗೆ 66 ವರ್ಷ. ಬಿ.ಪಿ., ಶುಗರ್ ಮೊದಲಿನಿಂದಲೂ ಇದೆ. ಐದು ತಿಂಗಳ ಹಿಂದೆ ಮಂಗಳೂರಿನಲ್ಲಿ ಬೈಪಾಸ್ ಆಯಿತು. ಈಗ ಎದೆನೋವು ಇಲ್ಲ, ನಿಧಾನವಾಗಿ ತೋಟಕ್ಕೂ ಇಳಿಯುತ್ತಾರೆ. ಹಾರ್ಟ್ ಚೆನ್ನಾಗಿದೆ ಎಂದು ಡಾಕ್ಟರು ಹೇಳುತ್ತಾರೆ.

ಆದರೆ ಅಪ್ಪ ಮೊದಲಿನ ಹಾಗಿಲ್ಲ. ಅಡಿಕೆ ಮಾರಿದ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಈಗ ಒಂದೇ ಚೀಟಿಯನ್ನು ಮತ್ತೆ ಮತ್ತೆ ಕೂಡಿಸುತ್ತಾರೆ, ಒಂದೊಂದು ಸಲ ಒಂದೊಂದು ಮೊತ್ತ ಬರುತ್ತದೆ. ಅಡಿಕೆಗೆ ಮದ್ದು ಬಿಡುವಾಗ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು ಎಂದು ಕೆಲಸದವನೇ ನೆನಪು ಮಾಡಬೇಕಾಯಿತು. ಯಾರಾದರೂ ಮಾತಾಡುತ್ತಿರುವಾಗ ಫೋನ್ ಬಂದರೆ ಎರಡೂ ಕೈತಪ್ಪುತ್ತದೆ. ಅವರು ಹಳೆಯ ಹವ್ಯಾಸಿ ಅರ್ಥಧಾರಿ. ಮೊನ್ನೆ ದೇವಸ್ಥಾನದ ತಾಳಮದ್ದಳೆಯಲ್ಲಿ ‘ಕೃಷ್ಣ ಸಂಧಾನ’ದ ಕೌರವನ ಅರ್ಥ ಹೇಳುತ್ತಾ ಮಧ್ಯದಲ್ಲಿ ನಿಂತುಬಿಟ್ಟರು. ಭಾಗವತರು ಮುಂದಿನ ಪದ ಎತ್ತಿ ಸುಧಾರಿಸಿದರು. ಮನೆಗೆ ಬಂದ ಅಪ್ಪ ಊಟ ಮಾಡಲಿಲ್ಲ.

ಅಣ್ಣ ಈಗ ಲೆಕ್ಕದ ಪುಸ್ತಕ, ಪಾಸ್‌ಬುಕ್ ಎಲ್ಲವನ್ನೂ ತಾನೇ ತೆಗೆದುಕೊಂಡು ಹೋಗಿದ್ದಾನೆ. ಅಮ್ಮ ‘ಅರುವತ್ತು ದಾಟಿದ ಮೇಲೆ ಅರಳು ಮರಳು ಸಹಜ’ ಎನ್ನುತ್ತಾರೆ. ಮಸ್ಕತ್‌ನಲ್ಲಿರುವ ಚಿಕ್ಕಪ್ಪನ ಮಗ ಒಂದು ಲ್ಯಾಪ್‌ಟಾಪ್ ಕೊಟ್ಟು, ವಿದೇಶದಲ್ಲಿ ಹೃದಯದ ರೋಗಿಗಳಿಗೆ ಕಂಪ್ಯೂಟರಿನಲ್ಲೇ ಮಿದುಳಿನ ತರಬೇತಿ ಕೊಡುತ್ತಾರೆ, ವರ್ಷದ ಚಂದಾ ಕಟ್ಟಿಬಿಡಿ ಎಂದಿದ್ದಾನೆ. ಉಚಿತವಾಗಿ ಸಿಕ್ಕಿದ್ದನ್ನು ಹಾಕಿಕೊಟ್ಟೆವು. ಎಲ್ಲ ಇಂಗ್ಲಿಷಿನಲ್ಲಿದೆ. ಅಪ್ಪ ಸ್ವಲ್ಪ ಹೊತ್ತು ಕುಳಿತು ‘ನನಗೆ ಹುಚ್ಚು ಅಂತ ಮಾಡಿದ್ದೀರಾ’ ಎಂದು ಎದ್ದು ಹೋದರು. ಇದು ಮರೆವಿನ ಕಾಯಿಲೆಯೇ? ಚಂದಾ ಕಟ್ಟಬೇಕೇ? ಆಪರೇಷನ್ ಮಾಡಿಸಿದ್ದೇ ತಪ್ಪಾಯಿತೇ?

— ಹೆಸರು ಬೇಡ, ಮೂಡುಬಿದಿರೆ

ಉತ್ತರ: ತಂಗೀ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನಿಮಗೆ ರಾತ್ರಿ ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ಆಪರೇಷನ್ ಮಾಡಿಸಿದ್ದು ತಪ್ಪಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದ ಮನುಷ್ಯ ಈಗ ನೋವಿಲ್ಲದೆ ತೋಟಕ್ಕೆ ಇಳಿಯುತ್ತಿದ್ದಾರೆ ಎಂದರೆ ಅದು ಆ ಆಪರೇಷನ್ನಿನಿಂದಲೇ. ಮರೆವಿಗೆ ಅದನ್ನೊಂದನ್ನೇ ಹೊಣೆ ಮಾಡಿದರೆ ನಿಜವಾದ ಕಾರಣಗಳನ್ನು ಹುಡುಕುವುದು ನಿಂತುಹೋಗುತ್ತದೆ.

ಅಪ್ಪನಿಗೆ ಆಗುತ್ತಿರುವುದು ನಿಜ, ಅದು ನಿಮ್ಮ ಭ್ರಮೆಯಲ್ಲ. ಅಮ್ಮ ಹೇಳುವ ಅರಳು ಮರಳೂ ಅಲ್ಲ. ಐದು ತಿಂಗಳ ಹಿಂದಿನವರೆಗೆ ಬಾಯಲ್ಲೇ ಲೆಕ್ಕ ಹೇಳುತ್ತಿದ್ದವರಿಗೆ ವಯಸ್ಸು ಒಮ್ಮೆಲೇ ಬಂದು ಬಡಿಯುವುದಿಲ್ಲ. ಮಿದುಳಿನ ತೂಕ ದೇಹದ ತೂಕದ ಶೇ. 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟು ಅದೊಂದಕ್ಕೇ ಬೇಕು. ಹೀಗಿರುವಾಗ ಹೃದಯಕ್ಕೂ ರಕ್ತನಾಳಗಳಿಗೂ ಆದ ತೊಂದರೆ ಮಿದುಳನ್ನು ಮುಟ್ಟದೆ ಉಳಿಯುವುದು ಕಷ್ಟ. ಹಾರ್ಟ್ ಫೇಲ್ಯೂರ್ ಇರುವವರಲ್ಲಿಯೂ ಗಮನ ಮತ್ತು ನೆನಪು ಕುಗ್ಗುವುದು ಸಾಮಾನ್ಯ. ನಮ್ಮಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಬೈಪಾಸ್ ಆದವರ ಬಗ್ಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಹೆಸರಾದದ್ದು. 261 ಜನರನ್ನು ಅವರು ಐದು ವರ್ಷಗಳವರೆಗೆ ಪರೀಕ್ಷಿಸುತ್ತಾ ಹೋದರು. ಆಸ್ಪತ್ರೆಯಿಂದ ಮನೆಗೆ ಹೊರಡುವ ಹೊತ್ತಿಗೆ ಶೇ. 53 ಮಂದಿಯಲ್ಲಿ ನೆನಪು, ಗಮನ, ಲೆಕ್ಕದ ಚುರುಕು ಇಳಿದಿತ್ತು. ಆರು ವಾರಕ್ಕೆ ಅದು ಶೇ. 36ಕ್ಕೆ ಬಂತು, ಆರು ತಿಂಗಳಿಗೆ ಶೇ. 24ಕ್ಕೆ. ಹೆಚ್ಚಿನವರು ಮೊದಲ ಆರು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಅಪ್ಪ ಇನ್ನೂ ಆ ಅವಧಿಯೊಳಗೇ ಇದ್ದಾರೆ, ಇದು ಸಮಾಧಾನದ ವಿಷಯ.

ಅದೇ ಅಧ್ಯಯನದಲ್ಲಿ ಐದು ವರ್ಷದ ಹೊತ್ತಿಗೆ ಸಂಖ್ಯೆ ಮತ್ತೆ ಶೇ. 42ಕ್ಕೆ ಏರಿತ್ತು. ಇದನ್ನು ಓದಿದ ಹಲವರು ಆಪರೇಷನ್ ಸಮಯದಲ್ಲಿ ಬಳಸುವ ಹಾರ್ಟ್-ಲಂಗ್ ಯಂತ್ರದ್ದೇ ತಪ್ಪು ಎಂದುಕೊಂಡರು. ಆದರೆ ನೆದರ್ಲೆಂಡ್ಸ್‌ನಲ್ಲಿ ಆ ಯಂತ್ರ ಬಳಸಿ ಬೈಪಾಸ್ ಮಾಡಿಸಿಕೊಂಡವರನ್ನೂ, ಯಂತ್ರವಿಲ್ಲದೆ ಮಿಡಿಯುವ ಹೃದಯದ ಮೇಲೇ ಮಾಡಿಸಿಕೊಂಡವರನ್ನೂ ಹೋಲಿಸಿ ನೋಡಿದಾಗ ಐದು ವರ್ಷದ ನಂತರ ಇಬ್ಬರಲ್ಲೂ ವ್ಯತ್ಯಾಸ ಕಾಣಲಿಲ್ಲ. ಆ ವರದಿ ಬಂದದ್ದು 2007ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೃದ್ರೋಗವಿದ್ದೂ ಬೈಪಾಸ್ ಮಾಡಿಸಿಕೊಳ್ಳದವರನ್ನು ಪರೀಕ್ಷಿಸಿದರು. ವರ್ಷಗಳು ಕಳೆದಂತೆ ಅವರಲ್ಲೂ ಅಷ್ಟೇ ಇಳಿಕೆ ಕಂಡಿತು. ಆಪರೇಷನ್ನಿನ ಒತ್ತಡ, ಅರಿವಳಿಕೆ, ಐ.ಸಿ.ಯು. ವಾಸ ಇವು ಮೊದಲ ಕೆಲವು ತಿಂಗಳ ಮಂಕಿಗೆ ಕಾರಣವಾಗುತ್ತವೆ. ದೀರ್ಘಕಾಲದ್ದು ರಕ್ತನಾಳದ ಕಾಯಿಲೆಯ ಕೆಲಸ. ಬಿ.ಪಿ., ಶುಗರ್, ಕೊಲೆಸ್ಟರಾಲ್, ಬೀಡಿ-ಸಿಗರೇಟು ಹೃದಯದ ನಾಳಗಳಿಗೆ ಏನು ಮಾಡಿದವೋ ಅದನ್ನೇ ಮಿದುಳಿನ ಸಣ್ಣ ನಾಳಗಳಿಗೂ ಮಾಡುತ್ತಿರುತ್ತವೆ. ಹಾಗಾಗಿ ಅಪ್ಪನ ಹೃದಯದ ಮಾತ್ರೆಗಳು ಮಿದುಳಿಗೂ ಮಾತ್ರೆಗಳೇ. ಒಂದನ್ನೂ ತಪ್ಪಿಸಬಾರದು.

ಇದು ಮರೆವಿನ ಕಾಯಿಲೆಯೇ, ಅಂದರೆ ಡಿಮೆನ್ಶಿಯಾವೇ ಎಂದು ಕೇಳಿದ್ದೀರಿ. ಪತ್ರ ನೋಡಿ ಅದನ್ನು ಹೇಳುವುದು ನ್ಯಾಯವಲ್ಲ, ಪರೀಕ್ಷೆ ಆಗಬೇಕು. ಆದರೂ ನಿಮ್ಮ ಪತ್ರದಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ಅಪ್ಪ ದಾರಿ ತಪ್ಪಿಲ್ಲ, ಜನರ ಗುರುತು ಮರೆತಿಲ್ಲ. ಕೂಡಿಸಿದ್ದು ಸರಿಯಿಲ್ಲ ಎಂಬುದು ಅವರಿಗೇ ಗೊತ್ತಾಗಿ ಮತ್ತೆ ಕೂಡಿಸುತ್ತಾರೆ. ಅರ್ಥ ನಿಂತುಹೋದದ್ದರ ಅವಮಾನಕ್ಕೆ ಊಟ ಬಿಟ್ಟಿದ್ದಾರೆ. ಕುಂದಿರುವುದು ಹೆಚ್ಚಾಗಿ ಗಮನ ಹಿಡಿಯುವ ಶಕ್ತಿ, ಎರಡು ವಿಷಯಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವ ಶಕ್ತಿ, ಯೋಚನೆಯ ವೇಗ. ಬೈಪಾಸ್ ನಂತರ ಸಾಮಾನ್ಯವಾಗಿ ಕಾಣುವುದೂ ಇವೇ. ಅಭ್ಯಾಸದಿಂದ ಸ್ವಲ್ಪ ಮಟ್ಟಿಗೆ ಸುಧಾರಿಸಬಲ್ಲವೂ ಇವೇ.

ಆದರೆ ಅಭ್ಯಾಸಕ್ಕೆ ಕೂರಿಸುವ ಮೊದಲು ಮಾಡಬೇಕಾದ ಕೆಲಸವಿದೆ. ಚಂದಾ ಕಟ್ಟಲು ಇಟ್ಟ ಹಣವನ್ನು ಮೊದಲು ಕೆಲವು ರಕ್ತಪರೀಕ್ಷೆಗಳಿಗೆ ಹಾಕಿ. ಆಪರೇಷನ್ನಿನಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಿರಬಹುದು. ಬಿ12 ಕಡಿಮೆ ಇರಬಹುದು, ಅದರಲ್ಲೂ ಸಸ್ಯಾಹಾರಿಗಳಾಗಿದ್ದು ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ. ನೀರು ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋಡಿಯಂ ಇಳಿದರೂ ತಲೆ ಮಂಕಾಗುತ್ತದೆ. ಬೈಪಾಸ್ ಆದ ಮೇಲೆ ಎದೆಬಡಿತ ಏರುಪೇರಾಗಿ ಕೆಲವರಿಗೆ ಅಮಿಯೊಡರಾನ್ ಎಂಬ ಔಷಧ ಕೊಟ್ಟಿರುತ್ತಾರೆ. ಅದು ಥೈರಾಯ್ಡನ್ನು ಕೆಡಿಸಬಹುದು, ಥೈರಾಯ್ಡ್ ಕೆಟ್ಟರೆ ನೆನಪೂ ಕೆಡುತ್ತದೆ. ಅಪ್ಪ ಗೊಂದಲಕ್ಕೆ ಬಿದ್ದ ಹೊತ್ತಿನಲ್ಲಿ ಒಮ್ಮೆ ಗ್ಲುಕೋಮೀಟರಿನಲ್ಲಿ ಶುಗರ್ ನೋಡಿ, ಇಳಿದಿರಲೂಬಹುದು. ರಾತ್ರಿ ಜೋರಾಗಿ ಗೊರಕೆ ಹೊಡೆದು ಮಧ್ಯೆ ಮಧ್ಯೆ ಉಸಿರು ನಿಂತ ಹಾಗಾಗುತ್ತದೆಯೇ ಎಂದು ಅಮ್ಮನನ್ನು ಕೇಳಿ. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಬಿ12 ಕೊರತೆ ಇದ್ದವರನ್ನು ಇಂಜೆಕ್ಷನ್ ಕೊಡದೆ ಲ್ಯಾಪ್‌ಟಾಪಿನ ಮುಂದೆ ಕೂರಿಸುವುದು ಅನ್ಯಾಯ.

ಆಪರೇಷನ್ ಆದ ಒಂದೆರಡು ದಿನ ಐ.ಸಿ.ಯು.ನಲ್ಲಿ ಅಪ್ಪ ಸಂಬಂಧವಿಲ್ಲದ ಮಾತಾಡಿದ್ದರೇ, ಟ್ಯೂಬು ಕೀಳಲು ಹೋಗಿದ್ದರೇ, ಇಲ್ಲದವರನ್ನು ಕಂಡಿದ್ದರೇ? ಹಾಗಾಗಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಅದಕ್ಕೆ ಡೆಲಿರಿಯಂ ಎನ್ನುತ್ತಾರೆ. ಅದು ಬಂದುಹೋದವರಲ್ಲಿ ಮಂಕು ಹೆಚ್ಚು ದಿನ ಉಳಿಯುವುದುಂಟು. ಮನೆಯವರು ನಾಚಿಕೆಯಿಂದ ಇದನ್ನು ಮುಚ್ಚಿಡುತ್ತಾರೆ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ.

ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ. ಊಟ ಬಿಟ್ಟರು, ಸಿಟ್ಟು ಮಾಡಿಕೊಂಡರು ಎಂದು ಬರೆದಿದ್ದೀರಿ. ಹೃದಯಾಘಾತ ಆದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ನಮ್ಮ ಕಡೆಯ ಹಿರಿಯ ಗಂಡಸರು ‘ನನಗೆ ಬೇಸರವಾಗಿದೆ’ ಎಂದು ಹೇಳುವುದಿಲ್ಲ. ಸುಸ್ತು ಎನ್ನುತ್ತಾರೆ, ನಿದ್ದೆ ಇಲ್ಲ ಎನ್ನುತ್ತಾರೆ, ಇಲ್ಲವೇ ಸಿಡುಕುತ್ತಾರೆ. ಖಿನ್ನತೆಯಲ್ಲಿ ಗಮನ ನಿಲ್ಲುವುದಿಲ್ಲ. ಗಮನ ನಿಲ್ಲದೆ ಕೇಳಿದ್ದು ನೆನಪಾಗಿ ಕೂರುವುದೂ ಇಲ್ಲ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗುತ್ತದೆಯೇ, ಹಾಲಿನ ಸೊಸೈಟಿಗೆ ಹೋದಾಗ ಮೊದಲಿನ ಹಾಗೆ ನಾಲ್ಕು ಮಂದಿಯ ಜೊತೆ ನಿಂತು ಮಾತಾಡುತ್ತಾರೆಯೇ, ‘ನಾನಿದ್ದು ಏನು ಪ್ರಯೋಜನ’ ಎಂಬ ಮಾತು ಬರುತ್ತದೆಯೇ, ಗಮನಿಸಿ. ಬರುತ್ತಿದ್ದರೆ ತಡ ಮಾಡಬೇಡಿ. ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಲ್ಯಾಪ್‌ಟಾಪಿನ ವಿಷಯ. ಚಿಕ್ಕಪ್ಪನ ಮಗ ಹೇಳಿದ್ದು ಸುಳ್ಳಲ್ಲ. ಕಂಪ್ಯೂಟರ್ ಮೂಲಕ ಅರಿವಿನ ಪುನಶ್ಚೇತನ ಎಂಬ ವಿಧಾನ ಇದೆ. ಅದರ ಒಂದು ಅಭ್ಯಾಸ ಹೀಗಿರುತ್ತದೆ: ಪರದೆಯ ನಡುವೆ ಒಂದು ಕಾರೋ ಲಾರಿಯೋ ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡು ಮಾಯವಾಗುತ್ತದೆ. ಅದೇ ಕ್ಷಣದಲ್ಲಿ ಪರದೆಯ ಅಂಚಿನಲ್ಲೆಲ್ಲೋ ಒಂದು ಗುರುತು ಕಂಡುಹೋಗುತ್ತದೆ. ನಡುವೆ ಕಂಡದ್ದು ಕಾರೋ ಲಾರಿಯೋ, ಗುರುತು ಯಾವ ಮೂಲೆಯಲ್ಲಿತ್ತು, ಎರಡನ್ನೂ ಹೇಳಬೇಕು. ಸರಿ ಹೇಳಿದರೆ ಮುಂದಿನ ಸಲ ಇನ್ನೂ ಬೇಗ ಮಾಯವಾಗುತ್ತದೆ, ತಪ್ಪಿದರೆ ಸ್ವಲ್ಪ ನಿಧಾನವಾಗುತ್ತದೆ. ವ್ಯಕ್ತಿಯ ಶಕ್ತಿಯ ಅಂಚಿನಲ್ಲೇ ಅವನನ್ನು ನಿಲ್ಲಿಸಿ ಕೆಲಸ ಕೊಡುವುದು, ಪ್ರತಿ ತಪ್ಪನ್ನೂ ಸಮಯವನ್ನೂ ದಾಖಲಿಸಿಡುವುದು, ಇದು ಕಂಪ್ಯೂಟರಿನ ನಿಜವಾದ ಉಪಯೋಗ. ಮನುಷ್ಯನಿಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಅಮೆರಿಕದಲ್ಲಿ 2,832 ಹಿರಿಯರನ್ನು ಸೇರಿಸಿಕೊಂಡು ನಡೆದ ‘ಆಕ್ಟಿವ್’ ಎಂಬ ದೊಡ್ಡ ಪ್ರಯೋಗದಲ್ಲಿ ಒಂದು ಗುಂಪಿಗೆ ಕೊಟ್ಟದ್ದು ಇಂಥ ವೇಗದ ತರಬೇತಿಯನ್ನೇ. ಐದಾರು ವಾರದಲ್ಲಿ ಹತ್ತು ಪಾಠ. ಅವರ ಆ ಚುರುಕು ಹೆಚ್ಚಿತು, ಹತ್ತು ವರ್ಷದ ನಂತರ ನೋಡಿದಾಗಲೂ ಸ್ವಲ್ಪ ಉಳಿದಿತ್ತು. ಆದರೆ ವೇಗ ಕಲಿತವರಿಗೆ ವೇಗ ಬಂತು, ನೆನಪಿನ ತರಬೇತಿ ಪಡೆದವರಿಗೆ ಆ ಬಗೆಯ ನೆನಪು ಬಂತು. ಒಂದರ ಲಾಭ ಇನ್ನೊಂದಕ್ಕೆ ಹರಿಯಲಿಲ್ಲ. ಬೈಪಾಸ್ ಆದವರ ಮೇಲೇ ಇರಾನಿನ ಟೆಹರಾನ್‌ನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಪ್ಯೂಟರ್ ತರಬೇತಿ ಪಡೆದವರ ಗಮನವೂ ಕೆಲಸ ಮಾಡುತ್ತಾ ವಿಷಯಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಶಕ್ತಿಯೂ ಉತ್ತಮಗೊಂಡವು, ಬದುಕು ಹಗುರಾಯಿತೆಂದು ಅವರೇ ಹೇಳಿದರು. ರಷ್ಯಾದ ಕೆಮೆರೊವೊ ನಗರದ ಹೃದ್ರೋಗ ಸಂಸ್ಥೆಯಲ್ಲಿ ಬೈಪಾಸ್ ರೋಗಿಗಳಿಗೆ ದೇಹದ ಸಮತೋಲದ ಕೆಲಸ ಮತ್ತು ಲೆಕ್ಕ ಎರಡನ್ನೂ ಒಟ್ಟಿಗೆ ಕೊಟ್ಟು ನೋಡುತ್ತಿದ್ದಾರೆ. ಇವು ಆಸೆ ಹುಟ್ಟಿಸುವ ಪ್ರಯೋಗಗಳು. ಆದರೆ ಚಿಕ್ಕ ಪ್ರಯೋಗಗಳು. ಇವನ್ನು ನಂಬಿ ‘ಮರೆವು ಓಡಿಸುತ್ತೇವೆ’ ಎನ್ನುವ ಜಾಹೀರಾತಿಗೆ ಹಣ ಕಟ್ಟುವಷ್ಟು ಪುರಾವೆ ಇನ್ನೂ ಇಲ್ಲ. ಲುಮೋಸಿಟಿ ಎಂಬ ಪ್ರಸಿದ್ಧ ಮಿದುಳಿನ ಆಟದ ಕಂಪನಿ ಇಂಥ ಮಾತುಗಳನ್ನು ಆಧಾರವಿಲ್ಲದೆ ಹೇಳಿತೆಂದು ಅಮೆರಿಕದ ವ್ಯಾಪಾರ ಆಯೋಗ ಅದರ ವಿರುದ್ಧ ಕ್ರಮ ಕೈಗೊಂಡು, 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟಬೇಕಾಯಿತು.

ಪುನಶ್ಚೇತನ ಬೇರೆ, ಆಟದ ಚಂದಾ ಬೇರೆ. ಪುನಶ್ಚೇತನದಲ್ಲಿ ಮೊದಲು ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರು ಅಪ್ಪನನ್ನು ಕೂರಿಸಿ, ಯಾವುದು ಕುಂದಿದೆ ಯಾವುದು ಗಟ್ಟಿಯಾಗಿದೆ ಎಂದು ಅಳೆಯುತ್ತಾರೆ. ಆಮೇಲೆ ಕುಂದಿದ್ದಕ್ಕೆ ತಕ್ಕ ಅಭ್ಯಾಸ ಆರಿಸುತ್ತಾರೆ, ವಾರಕ್ಕೊಮ್ಮೆ ನೋಡಿ ಬದಲಿಸುತ್ತಾರೆ, ಕೊನೆಗೆ ಮತ್ತೆ ಅಳೆಯುತ್ತಾರೆ. ಯಾವ ಅಳತೆಯೂ ಇಲ್ಲದೆ, ಗೊತ್ತಿಲ್ಲದ ಭಾಷೆಯಲ್ಲಿ, ಯಾಕೆಂದೂ ಹೇಳದೆ ಅಪ್ಪನನ್ನು ಪರದೆಯ ಮುಂದೆ ಕೂರಿಸಿದ್ದೀರಿ. ಅವರು ಎದ್ದು ಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಓದಲು ತಿಣುಕುವವರು ತಪ್ಪು ಮಾಡಿದರೆ ಅದು ಮಿದುಳಿನ ತಪ್ಪೋ ಭಾಷೆಯ ತಪ್ಪೋ ಹೇಗೆ ಗೊತ್ತಾಗಬೇಕು?

ನಮ್ಮ ರಾಜ್ಯದಲ್ಲೇ ಇದಕ್ಕೆ ಬೇರೊಂದು ದಾರಿ ಇದೆ, ಅದು ನಿಮ್ಮ ಮನೆಗೆ ಹೆಚ್ಚು ಹೊಂದುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶೋಭಿನಿ ರಾವ್ ಮತ್ತು ಅವರ ಜೊತೆಗಾರರು ತಲೆಗೆ ಪೆಟ್ಟಾದವರಿಗೂ ಮಾನಸಿಕ ಕಾಯಿಲೆಯಿಂದ ಗಮನ ಕುಗ್ಗಿದವರಿಗೂ ಮನೆಯಲ್ಲೇ ಮಾಡುವ ತರಬೇತಿಗಳನ್ನು ರೂಪಿಸಿದರು. ಅವುಗಳಲ್ಲಿ ಒಂದು ಕಾಳು ಬೇರ್ಪಡಿಸುವುದು. ಬೇರೆ ಬೇರೆ ಧಾನ್ಯಗಳನ್ನು ತಟ್ಟೆಯಲ್ಲಿ ಬೆರೆಸಿ ಕೊಡುತ್ತಾರೆ, ರೋಗಿ ಅವನ್ನು ವಿಂಗಡಿಸಬೇಕು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಕಾಳು ತಪ್ಪು ಗುಂಪಿಗೆ ಹೋಯಿತು ಎಂದು ಬರೆದಿಡುತ್ತಾರೆ. ಇನ್ನೊಂದರಲ್ಲಿ ಹಾಳೆಯ ತುಂಬ ಇರುವ ಅಕ್ಷರ ಅಥವಾ ಅಂಕಿಗಳಲ್ಲಿ ಹೇಳಿದ್ದನ್ನು ಮಾತ್ರ ಹುಡುಕಿ ಹೊಡೆದುಹಾಕಬೇಕು. ಅವು ಹೃದ್ರೋಗಿಗಳಿಗೆಂದು ಮಾಡಿದವಲ್ಲ, ಆದರೆ ಗಮನವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ತತ್ವ ಪರದೆಯ ಅಭ್ಯಾಸದ್ದೇ. ಜರ್ಮನಿಯಲ್ಲೂ ಹೃದಯದ ಕವಾಟದ ಆಪರೇಷನ್ ಆದ ಹಿರಿಯರಿಗೆ ಪುನರ್ವಸತಿ ಆಸ್ಪತ್ರೆಯಲ್ಲಿ ಸುಮಾರು ಮೂರು ವಾರ ಕೊಟ್ಟು ನೋಡಿದ್ದು ಕಾಗದ-ಪೆನ್ಸಿಲಿನ ಅಭ್ಯಾಸವನ್ನೇ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಊರಿಗೆ ಇದು ದೊಡ್ಡ ಅನುಕೂಲ.

ಕಾಳು ಆರಿಸುವುದು ಅಡುಗೆಮನೆಯ ಕೆಲಸ ಎಂದು ಅಪ್ಪ ಮುಖ ಸಿಂಡರಿಸಬಹುದು. ಅವರ ಅಂಗಳದಲ್ಲೇ ಸುಲಿದ ಅಡಿಕೆ ಇದೆಯಲ್ಲ. ಒಂದು ಗೆರಸೆ ಅಡಿಕೆ ಮುಂದಿಟ್ಟು, ಒಳ್ಳೆಯದು, ಪಟೋರ, ಉಳ್ಳಿ, ಕೋಕ, ಕರಿಗೋಟು ಎಂದು ಬೇರೆ ಮಾಡಲು ಹೇಳಿ. ಮೊದಲು ಎರಡೇ ಜಾತಿ, ಆಮೇಲೆ ಮೂರು, ಆಮೇಲೆ ಎಲ್ಲ. ಮೊದಲು ಯಾರೂ ಮಾತಾಡದ ಹೊತ್ತಿನಲ್ಲಿ. ಕೈ ಪಳಗಿದ ಮೇಲೆ ಪಕ್ಕದಲ್ಲಿ ರೇಡಿಯೋದ ವಾರ್ತೆ ಹಾಕಿ, ಕೊನೆಗೆ ಎರಡು ಸುದ್ದಿ ಏನೆಂದು ಕೇಳಿ. ಹೊತ್ತನ್ನೂ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಅವರೇ ಬರೆಯಲಿ. ಪೇಪರಿನ ಒಂದು ಕಾಲಂನಲ್ಲಿ ‘ರ’ ಬಂದಲ್ಲೆಲ್ಲ ಪೆನ್ಸಿಲಿನಲ್ಲಿ ಗೀಟು ಹಾಕಲಿ. ಮದ್ದಿನ ಲೆಕ್ಕವನ್ನೂ ಅಭ್ಯಾಸಕ್ಕೆ ತನ್ನಿ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬುದು ಶೇ. 1ರ ಬೋರ್ಡೋ ದ್ರಾವಣದ ಲೆಕ್ಕ. ಹಾಗಾದರೆ ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು, ನೂರೈವತ್ತಕ್ಕೆ ಎಷ್ಟು, ಇವನ್ನು ಮೊದಲು ಬರೆದು, ಆಮೇಲೆ ಬಾಯಲ್ಲಿ ಹೇಳಲಿ. ದಿನಕ್ಕೆ ಅರ್ಧ ಗಂಟೆ ಸಾಕು, ಬೆಳಗಿನ ಹೊತ್ತು ಒಳ್ಳೆಯದು. ಸುಸ್ತಾದ ಮೇಲೆ ಮಾಡಿಸಿದರೆ ಸೋಲೇ ಕಾಣುತ್ತದೆ.

ತಾಳಮದ್ದಳೆಯನ್ನು ಬಿಡಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಭಾಗವತರ ಪದ ಕೇಳಿಸಿಕೊಂಡು, ಎದುರಿನವರ ಮಾತು ನೆನಪಿಟ್ಟು, ಪ್ರಸಂಗದ ಚೌಕಟ್ಟು ಮೀರದೆ, ಆ ಕ್ಷಣದಲ್ಲೇ ಉತ್ತರ ಕಟ್ಟುವ ಕೆಲಸಕ್ಕೆ ಸಮನಾದ ಮಿದುಳಿನ ಅಭ್ಯಾಸ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಕೌರವನಂಥ ದೊಡ್ಡ ಪಾತ್ರಕ್ಕೆ ಈಗಲೇ ಕೂರುವುದು ಬೇಡ. ಮನೆಯ ಜಗಲಿಯಲ್ಲಿ ಒಬ್ಬ ಹಳೆಯ ಜೊತೆಗಾರರನ್ನು ಕರೆಸಿ, ಎರಡು ಪದಕ್ಕೆ ಅರ್ಥ ಹೇಳುವುದರಿಂದ ಶುರು ಮಾಡಲಿ. ಕೈಯಲ್ಲಿ ಚೀಟಿ ಇಟ್ಟುಕೊಂಡರೆ ತಪ್ಪೇನಿಲ್ಲ. ಆ ಭಾಗವತರಲ್ಲಿ ನೀವೇ ಹೋಗಿ ವಿಷಯ ತಿಳಿಸಿದರೆ ಅವರು ಖಂಡಿತ ಸಹಕರಿಸುತ್ತಾರೆ, ಅವತ್ತು ಮುಂದಿನ ಪದ ಎತ್ತಿ ಅಪ್ಪನ ಮಾನ ಉಳಿಸಿದವರು ಅವರೇ ತಾನೆ.

ಈ ಎಲ್ಲ ಅಭ್ಯಾಸಕ್ಕಿಂತ ಮೇಲೆ ನಾನಿಡುವುದು ನಡಿಗೆಯನ್ನು. ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಜನರ ಮೇಲೆ ಎರಡು ವರ್ಷ ನಡೆದ ‘ಫಿಂಗರ್’ ಪ್ರಯೋಗದ ವರದಿ 2015ರಲ್ಲಿ ಬಂತು. ವ್ಯಾಯಾಮ, ಊಟದ ಪಥ್ಯ, ಬಿ.ಪಿ.-ಶುಗರಿನ ನಿಗಾ, ಕಂಪ್ಯೂಟರಿನ ಅಭ್ಯಾಸ, ನಾಲ್ಕನ್ನೂ ಸೇರಿಸಿ ಮಾಡಿದವರ ಬುದ್ಧಿಯ ಚುರುಕು ಬರೀ ಸಲಹೆ ಪಡೆದವರಿಗಿಂತ ಉತ್ತಮವಾಯಿತು. ಕಂಪ್ಯೂಟರ್ ಅಲ್ಲಿ ನಾಲ್ಕರಲ್ಲಿ ಒಂದು. ಎಷ್ಟು ನಡೆಯಬಹುದು, ಏರು ಹತ್ತಬಹುದೇ ಎಂದು ಹೃದಯದ ವೈದ್ಯರನ್ನೇ ಕೇಳಿ, ಅವರು ಹೇಳಿದಷ್ಟನ್ನು ದಿನವೂ ನಡೆಸಿ. ಜೊತೆಗೆ ಅಮ್ಮನೂ ನಡೆದರೆ ಒಳ್ಳೆಯದು.

ಅಣ್ಣನ ವಿಷಯಕ್ಕೆ ಬರುತ್ತೇನೆ. ಅವನು ಒಳ್ಳೆಯ ಮನಸ್ಸಿನಿಂದಲೇ ಮಾಡಿರಬಹುದು, ಆದರೆ ಲೆಕ್ಕದ ಪುಸ್ತಕವನ್ನು ಬಿ.ಸಿ.ರೋಡಿಗೆ ಒಯ್ದದ್ದು ಸರಿಯಲ್ಲ. ಬಳಸದ ಶಕ್ತಿ ಇನ್ನೂ ಕುಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಜೀವಮಾನವೆಲ್ಲ ತೋಟದ ಯಜಮಾನನಾಗಿದ್ದವರಿಗೆ ನೀನಿನ್ನು ಬೇಡ ಎಂದು ಹೇಳಿದ ಹಾಗಾಯಿತು. ಪುಸ್ತಕ ವಾಪಸು ಬರಲಿ. ಅಪ್ಪ ಬರೆಯಲಿ, ಕ್ಯಾಲ್ಕುಲೇಟರ್ ಬಳಸಲಿ, ಭಾನುವಾರ ಅಣ್ಣ ಬಂದಾಗ ಇಬ್ಬರೂ ಕೂತು ತಾಳೆ ನೋಡಲಿ. ಬ್ಯಾಂಕಿನ ದೊಡ್ಡ ವ್ಯವಹಾರ, ಫೋನಿಗೆ ಬರುವ ಒ.ಟಿ.ಪಿ. ಇವುಗಳಿಗೆ ಮಾತ್ರ ಸದ್ಯಕ್ಕೆ ಇಬ್ಬರ ಕಣ್ಣು ಇರಲಿ. ಗಮನ ಕುಂದಿದ ಹಿರಿಯರನ್ನೇ ಹುಡುಕಿ ಮೋಸ ಮಾಡುವವರು ಇದ್ದಾರೆ. ಸ್ಕೂಟರ್ ಓಡಿಸುತ್ತಿದ್ದರೆ ಪರೀಕ್ಷೆ ಆಗುವವರೆಗೆ ಬೇಡ.

ಮಾತ್ರೆಗಳ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಲೆಕ್ಕ ತಪ್ಪಿದರೆ ಹಣ ಹೋಗುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ಎರಡು ಸಲ ನುಂಗಿದರೆ ಅಥವಾ ಬಿಟ್ಟರೆ ಜೀವಕ್ಕೇ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ವಾರದ ಏಳು ದಿನಕ್ಕೂ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮನೆ ಮಾಡಿರುವ ಮಾತ್ರೆ ಡಬ್ಬಿ ಸಿಗುತ್ತದೆ. ವಾರಕ್ಕೊಮ್ಮೆ ಅಪ್ಪನೇ ಅದನ್ನು ತುಂಬಲಿ, ಅಮ್ಮ ಪಕ್ಕದಲ್ಲಿ ಕೂತು ಚೀಟಿ ನೋಡಿ ತಾಳೆ ಹಾಕಲಿ. ಕೊಲೆಸ್ಟರಾಲಿನ ಮಾತ್ರೆಯಿಂದ ಮರೆವು ಬರುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಓದಿ ನಿಲ್ಲಿಸುವವರಿದ್ದಾರೆ. ಅಂಥ ತೊಂದರೆ ಅಪರೂಪ, ಇದ್ದರೂ ಮಾತ್ರೆ ಬದಲಿಸಿದರೆ ಸರಿಹೋಗುವಂಥದ್ದು. ಸಂಶಯವಿದ್ದರೆ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ಪರೀಕ್ಷೆಗೆ ಎಲ್ಲಿಗೆ ಹೋಗುವುದು? ಮೊದಲು ಆಪರೇಷನ್ ಮಾಡಿದ ಆಸ್ಪತ್ರೆಗೇ. ಮೂಡುಬಿದಿರೆಯಿಂದ ಮಂಗಳೂರು ಸುಮಾರು 35 ಕಿಲೋಮೀಟರ್. ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ನರರೋಗ ಮತ್ತು ಮನೋರೋಗ ವಿಭಾಗಗಳಿವೆ, ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿ ನೆನಪಿನ ಪರೀಕ್ಷೆ ಬೇಕು ಎಂದು ಸ್ಪಷ್ಟವಾಗಿ ಕೇಳಿ. ಸರ್ಕಾರಿ ದಾರಿಯೂ ಇದೆ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮ ‘ಕ-ಭಿ’ಯ ಕ್ಲಿನಿಕ್‌ಗಳನ್ನು ಜಿಲ್ಲಾ ಆಸ್ಪತ್ರೆಗಳಿಗೆ ವಿಸ್ತರಿಸಲಾಗಿದೆ. ಮಂಗಳೂರಿನ ಜಿಲ್ಲಾ ಆಸ್ಪತ್ರೆಯಾದ ವೆನ್ಲಾಕ್‌ನಲ್ಲಿ ಆ ಕ್ಲಿನಿಕ್ಕಿನ ದಿನ ವಿಚಾರಿಸಿಕೊಂಡು ಹೋಗಿ. ಬೆಳ್ತಂಗಡಿ, ಬಂಟ್ವಾಳದ ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ದಿನವನ್ನೂ ಕೇಳಿಟ್ಟುಕೊಳ್ಳಿ. ನೆನಪಿನ ಪರೀಕ್ಷೆಗಳು ಕನ್ನಡದಲ್ಲಿವೆ. ಮನೆಯಲ್ಲಿ ತುಳು ಮಾತಾಡುವವರಾದರೆ ಅದನ್ನು ಪರೀಕ್ಷಿಸುವವರಿಗೆ ಮೊದಲೇ ತಿಳಿಸಿ. ಅಪ್ಪನ ಕನ್ನಡಕ ಮರೆಯಬೇಡಿ, ಕಿವಿ ಮಂದವಾಗಿದ್ದರೆ ಅದನ್ನೂ ಹೇಳಿ.

ಇಷ್ಟೆಲ್ಲದರ ನಡುವೆ ಒಂದು ಎಚ್ಚರಿಕೆ. ಮಾತು ಇದ್ದಕ್ಕಿದ್ದಂತೆ ತೊದಲಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಕೈಕಾಲು ಸೋತರೆ, ಒಂದೇ ದಿನದಲ್ಲಿ ಪೂರ್ತಿ ಗೊಂದಲವಾದರೆ ಅದು ಅಭ್ಯಾಸದ ವಿಷಯವಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೆಲಸ ಮಾಡುವುದು ನಾಲ್ಕೂವರೆ ಗಂಟೆಯೊಳಗೆ.

ಚಂದಾ ಈಗ ಕಟ್ಟಬೇಡಿ. ಪರೀಕ್ಷೆಯಾಗಿ, ಸೈಕಾಲಜಿಸ್ಟ್ ಇಂಥದೇ ಅಭ್ಯಾಸ ಬೇಕು ಎಂದು ಬರೆದುಕೊಟ್ಟು, ಅಪ್ಪನೂ ಒಪ್ಪಿದರೆ ಆಗ ಕಟ್ಟಿ. ಆಗಲೂ ಅವರ ಪಕ್ಕದಲ್ಲಿ ಯಾರಾದರೂ ಕೂರಬೇಕು. ಮೊಮ್ಮಕ್ಕಳು ರಜೆಗೆ ಬಂದಾಗ ಜೊತೆಗೆ ಕೂತರೆ ‘ಹುಚ್ಚಿನ ಮದ್ದು’ ಎಂಬ ಭಾವ ಹೋಗುತ್ತದೆ. ಅದಕ್ಕೂ ಮೊದಲು ಅಪ್ಪನಿಗೆ ನೀವೇ ನೇರವಾಗಿ ಹೇಳಬೇಕಾದ ಮಾತೊಂದಿದೆ: ‘ಅಪ್ಪ, ನಿಮಗೆ ಹುಚ್ಚಲ್ಲ. ಹೃದಯದ ಆಪರೇಷನ್ ಆದ ಬಹಳ ಜನರಿಗೆ ಹೀಗಾಗುತ್ತದೆ, ಹೆಚ್ಚಿನವರಿಗೆ ಸರಿಹೋಗುತ್ತದೆ.’ ಈ ಮಾತನ್ನು ಅವರಿಗೆ ಇದುವರೆಗೆ ಯಾರೂ ಹೇಳಿದ ಹಾಗೆ ಕಾಣುವುದಿಲ್ಲ.

ಈ ಅಂಕಣ ಓದುವ ಇತರರಿಗೂ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಹೃದಯದ ಕಾಳಜಿ ಹಳ್ಳಿಯವರೆಗೆ ಬಂದಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಆರಂಭಿಸಿದ ‘ಮನೆ ಬಾಗಿಲಿಗೆ ಹೃದಯ ವೈದ್ಯರು’ ಪ್ರಯತ್ನದಿಂದ ಹಳ್ಳಿಯ ಆರೋಗ್ಯ ಕೇಂದ್ರಗಳಿಗೂ ಇ.ಸಿ.ಜಿ. ಯಂತ್ರ ತಲುಪಿತು. ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ತಾಲೂಕು ಆಸ್ಪತ್ರೆಗಳಲ್ಲಿದೆ. ಜೀವ ಉಳಿಯುತ್ತಿದೆ. ಉಳಿದ ಜೀವದ ನೆನಪು, ಲೆಕ್ಕ, ಮಾತು ಹೇಗಿದೆ ಎಂದು ಕೇಳುವುದು ಇನ್ನೂ ರೂಢಿಗೆ ಬಂದಿಲ್ಲ. ನಿಮ್ಮ ಮನೆಯಲ್ಲಿ ಬೈಪಾಸ್, ಆಂಜಿಯೋಪ್ಲಾಸ್ಟಿ ಆದವರು, ಹಾರ್ಟ್ ಫೇಲ್ಯೂರ್ ಇರುವವರು ಇದ್ದರೆ, ಮುಂದಿನ ಚೆಕಪ್ಪಿಗೆ ಹೋಗುವಾಗ ಅವರು ಮರೆತ, ತಪ್ಪಿದ ನಾಲ್ಕು ಸಂಗತಿಗಳನ್ನು ದಿನಾಂಕ ಹಾಕಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಎದೆಯ ಬಗ್ಗೆ ಕೇಳಿ ಮುಗಿಸಿದ ಮೇಲೆ ಆ ಚೀಟಿಯನ್ನು ಅವರ ಮೇಜಿನ ಮೇಲಿಡಿ.